ರಿಪ್ಲೈ-ಟು
ಇಮೇಲಿಗೆ ಬರೆದ ಉತ್ತರ ಯಾವ ವಿಳಾಸಕ್ಕೆ ಹೋಗಬೇಕೆಂದು ತಿಳಿಸುವ ತಲೆಸಾಲು ‘ರಿಪ್ಲೈ-ಟು’. ‘ರಿಪ್ಲೈ’ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಪದ. ಮೂಲ ಲ್ಯಾಟಿನ್ನಿನ ‘ರೆಪ್ಲಿಕಾರೆ’, ಅಂದರೆ ಹಿಂದಕ್ಕೆ ಮಡಿಸು. ಪ್ರತಿಕೃತಿ ಎಂಬರ್ಥದ ‘ರೆಪ್ಲಿಕಾ’ ಕೂಡ ಇದೇ ಬೇರಿನದು. ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್ ಕಾಲದ ಇಮೇಲ್ ಮಾನದಂಡ ಆರ್‌ಎಫ್‌ಸಿ 733ರಲ್ಲೇ (1977) ಈ ಸಾಲಿದೆ. 2008ರ ಆರ್‌ಎಫ್‌ಸಿ 5322 ಕೂಡ ಅದನ್ನು ಉಳಿಸಿಕೊಂಡಿದೆ.

ನಿಯಮ ಸರಳ: ಈ ಸಾಲಿದ್ದರೆ ಉತ್ತರ ಅಲ್ಲಿನ ವಿಳಾಸಕ್ಕೆ, ಇಲ್ಲದಿದ್ದರೆ ‘ಫ್ರಮ್’ ವಿಳಾಸಕ್ಕೆ. ದಾರಿ ತಪ್ಪಿಸುವುದು ‘ಸೆಂಡರ್’ ಎಂಬ ಇನ್ನೊಂದು ತಲೆಸಾಲಿನ ಹೆಸರು. ಅದು ಪತ್ರವನ್ನು ರವಾನಿಸಿದವರ ಗುರುತಷ್ಟೇ, ಸಾಹೇಬರ ಕಾಗದವನ್ನು ಗುಮಾಸ್ತರು ಅಂಚೆಗೆ ಹಾಕಿದಂತೆ. ಉತ್ತರ ಗುಮಾಸ್ತರಿಗೆ ಹೋಗುವುದಿಲ್ಲ. ತಲುಪದ ಪತ್ರದ ಸುದ್ದಿ ಮರಳುವುದು ‘ರಿಟರ್ನ್-ಪಾತ್’ ಎಂಬ ಬೇರೊಂದು ವಿಳಾಸಕ್ಕೆ.

ಕನ್ನಡದಲ್ಲಿ ‘ಮಾರುತ್ತರದ ವಿಳಾಸ’ ಎಂದರೆ ಸಾಕು.