ಸೋಗೆಯ ಮಾಡು, ಹೆಂಚಿನ ಮಾಡು

ಶೃಂಗೇರಿಯ ವಿದ್ಯಾಶಂಕರ ದೇವಾಲಯವು 14ನೆಯ ಶತಮಾನದಿಂದ ಮಲೆನಾಡಿನ ಮಳೆಗೆ ಮೈಯೊಡ್ಡಿ ನಿಂತಿದೆ. ಅದೇ ಕಾಲದ ವಾಸದ ಮನೆಯೊಂದನ್ನು ತೋರಿಸಿರೆಂದರೆ, ಅದೇ ತಾಲ್ಲೂಕಿನ ಅಡ್ಡಗದ್ದೆಯಲ್ಲಾಗಲಿ, ಕೊಪ್ಪದ ಕಡೆಯ ಹಳ್ಳಿಗಳಲ್ಲಾಗಲಿ ಯಾರೂ ತೋರಿಸಲಾರರು. ಕಲ್ಲು ದೇವರಿಗೆ, ಮನುಷ್ಯನಿಗೆ ಮಣ್ಣು, ಮರ ಮತ್ತು ಅಡಿಕೆಯ ಸೋಗೆ. ಇಲ್ಲಿನ ಮನೆಗಳ ಚರಿತ್ರೆಯನ್ನು ಶಾಸನಗಳಲ್ಲಿ ಹುಡುಕಿ ಫಲವಿಲ್ಲ. ತಲೆಯೆತ್ತಿ ಮಾಡನ್ನು ನೋಡಬೇಕು.

ಸೋಗೆಯ ಮಾಡಿನ ಆಯುಸ್ಸು ಒಂದೆರಡು ಮಳೆಗಾಲ. ಆದುದರಿಂದ ರಿಪೇರಿಯೆಂಬುದು ಆಪತ್ತಾಗಿರಲಿಲ್ಲ, ಬೇಸಗೆಯ ವಾಡಿಕೆಯ ಕೆಲಸವಾಗಿತ್ತು. ತೋಟದಲ್ಲಿ ಉದುರಿದ ಸೋಗೆಯನ್ನು ಕೂಡಿಟ್ಟು, ಮುಂಗಾರಿಗೆ ಮುನ್ನ ಹಳೆಯದನ್ನು ಕಿತ್ತು ಹೊಸದನ್ನು ಹೊದಿಸುತ್ತಿದ್ದರು. ಇರಿಚಲು ಬಡಿಯುವ ಕಡೆಯ ಮಣ್ಣುಗೋಡೆಗೆ ಸೋಗೆಯದೇ ತಟ್ಟಿ. ಕಿತ್ತದ್ದು ಗೊಬ್ಬರವಾಗಿ ತೋಟಕ್ಕೇ ಮರಳುತ್ತಿತ್ತು. ಇಂದು ನಮ್ಮ ಮಾಡಿಗೆ ನೀವು, ನಾಳೆ ನಿಮ್ಮ ಮಾಡಿಗೆ ನಾವು ಎಂಬ ಮುಯ್ಯಾಳಿನ ಲೆಕ್ಕ. ಇದನ್ನು ಬಣ್ಣಿಸುವಾಗ ಹಂಬಲಕ್ಕೆ ಬೀಳುವ ಅಪಾಯವಿದೆ. ಸೋಗೆಯಲ್ಲಿ ಇಲಿಯೂ ಹಾವೂ ಇದ್ದವು. ಬಚ್ಚಲೊಲೆಯ ಒಂದು ಕಿಡಿ ಸಾಕು, ಮನೆಯೇ ಬೂದಿ. ಬಂದವರೆಲ್ಲ ಸಮಾನರಾಗಿ ಬಂದವರೂ ಅಲ್ಲ: ಒಡೆಯನ ಮಾಡಿಗೆ ಒಕ್ಕಲು ಹತ್ತಲೇಬೇಕಿತ್ತು.

1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕುಳಿತುಕೊಳ್ಳುವ ಆ ಹೆಂಚು ಕ್ರಮೇಣ ಘಟ್ಟ ಹತ್ತಿತು. ನೂರು ಚದರಡಿಗೆ ಸುಮಾರು 150 ಹೆಂಚು. ಒಂದೊಂದೂ ಎರಡು ಕಿಲೋಗೆ ಮೇಲ್ಪಟ್ಟ ತೂಕ. ಅದಕ್ಕೆ ಬಿದಿರು ಸಾಲದು. ಕೊಯ್ದ ಪಕಾಸು ಬೇಕು, ಸಮ ಅಂತರದ ರೀಪು ಬೇಕು. ರೀಪು ತುಸು ತಪ್ಪಿದರೂ ಹೆಂಚು ಕೂಡದು, ನೀರು ಒಳಗಿಳಿಯುವುದು. ಹೀಗೆ ನುರಿತ ಬಡಗಿ ಬಂದ, ಅವನ ಹಿಂದೆ ಕೂಲಿ, ಕೂಲಿಯ ಹಿಂದೆ ಸಾಲ. ಸೋಗೆ ತೋಟದಲ್ಲಿ ಬೆಳೆಯುತ್ತಿತ್ತು. ಹೆಂಚಿಗೆ ಅಡಿಕೆಯನ್ನು ಮಾರಬೇಕಾಯಿತು.

ಅಡಿಕೆ ಕೈಕೊಟ್ಟಾಗ ಇದರ ಅರ್ಥ ತಿಳಿಯಿತು. ಶೃಂಗೇರಿ-ಕೊಪ್ಪ ಸೀಮೆಯ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ಸವೆಸುತ್ತಿದೆ. ಮಕ್ಕಳು ಊರು ಬಿಟ್ಟ ಮನೆಯಲ್ಲಿ ಮಂಗ ಸರಿಸಿದ ಒಂದು ಹೆಂಚನ್ನು ಸರಿಪಡಿಸುವವರಿಲ್ಲದೆ ತೊಲೆ ಕೊಳೆಯುತ್ತದೆ. ಕಡೆಗೆ ಕಂಬ, ಬಾಗಿಲವಾಡ ಬಿಡಿಬಿಡಿಯಾಗಿ ಮಾರಾಟವಾಗುತ್ತವೆ. ನಾಡಿನ ಹಲವೆಡೆ ಹೀಗೆ ಕೆಡಹುತ್ತಿದ್ದ ಮನೆಗಳನ್ನು ಕಂಡು ಮರುಗಿದ ವಿಜಯನಾಥ ಶೆಣೈಯವರು ಕೆಲವನ್ನು ಕೊಂಡು, ಬಿಚ್ಚಿ, ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿದರು. ಅಲ್ಲಿ ಜಗಲಿಯಿದೆ, ಚೌಕಿಯಿದೆ. ಹಿತ್ತಿಲ ಗುಡ್ಡವನ್ನು ಮಾತ್ರ ಬಿಚ್ಚಿ ತರಲಾಗದು.

ಆ ಗುಡ್ಡದಿಂದಲೇ ಮನೆಗೆ ನೀರು. ಅಬ್ಬಿಯ ನೀರನ್ನು ಅಡಿಕೆಮರದ ಸೀಳಿದ ದಬ್ಬೆಗಳಲ್ಲಿ ಇಳಿಜಾರಿಗೆ ಹರಿಸಿ ಬಚ್ಚಲಿಗೆ ತರುತ್ತಿದ್ದರು, ಮಿಕ್ಕದ್ದು ತೋಟಕ್ಕೆ. ಈಗ ಈ ಸೀಮೆಯಲ್ಲಿ ಅತಿಥಿಗಳಿಗಾಗಿ ಹಳೆಯ ಮನೆಗಳನ್ನು ನವೀಕರಿಸುವವರಿದ್ದಾರೆ. ಹಿತ್ತಿಲಲ್ಲಿ ಈಜುಕೊಳ ತೋಡಿಸುವವರೂ ಇಲ್ಲದಿಲ್ಲ. ನಿಂತ ನೀರನ್ನು ಶುದ್ಧವಾಗಿಡಲು ಪಂಪು, ಶೋಧಕ, ಕ್ಲೋರಿನ್ ಎಲ್ಲ ಬೇಕು. ಅಬ್ಬಿಗೂ ದಬ್ಬೆ ಹೋಗಿ ಪ್ಲಾಸ್ಟಿಕ್ ಪೈಪು ಬಂದಿದೆ. ಆದರೆ ಅದರ ಬಾಯಿಗೆ ನಲ್ಲಿ ಹಾಕಿ ಮುಚ್ಚಿದರೆ, ಒತ್ತಡಕ್ಕೆ ಮೇಲೆಲ್ಲೋ ಕಾಡಿನಲ್ಲಿ ಕೀಲು ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಎಷ್ಟೋ ಬಚ್ಚಲುಗಳಲ್ಲಿ ಅದನ್ನು ಹಗಲೂ ರಾತ್ರಿಯೂ ಹರಿಯಲು ಬಿಟ್ಟಿರುತ್ತಾರೆ.