ಮರಳಿನಂಗಳದ ಪರೀಕ್ಷೆ

ಕನ್ನಡದಲ್ಲಿ ‘ನಡೆ’ ಎಂಬ ಒಂದೇ ಮಾತು ಕಾಲಿನ ಗತಿಗೂ ಸಲ್ಲುತ್ತದೆ, ಬಾಳಿನ ರೀತಿಗೂ ಸಲ್ಲುತ್ತದೆ. ಚಲನೆಯನ್ನು ಹೇಳುವ ‘ಚರ್’ ಎಂಬ ಧಾತುವಿನಿಂದಲೇ ಚರಿತ, ಚರ್ಯೆ, ಆಚಾರ, ಚಾರಿತ್ರ್ಯ ಎಂಬ ಶಬ್ದಗಳೆಲ್ಲವೂ ಹುಟ್ಟಿಬಂದುದನ್ನು ನೆನೆದರೆ, ಮನುಷ್ಯನ ಸ್ವಭಾವವು ಅವನು ನೆಲದ ಮೇಲೆ ಹೆಜ್ಜೆಯಿಡುವ ಬಗೆಯಲ್ಲಿಯೇ ಕಾಣಿಸಿಕೊಳ್ಳುವುದೆಂಬ ನಂಬಿಕೆ ಈ ನಾಡಿನ ಭಾಷೆಗಳಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂಬುದು ತಿಳಿದೀತು. ಈ ನಂಬಿಕೆಯನ್ನು ಒಂದು ವಿದ್ಯೆಯಾಗಿ ಬೆಳೆಯಿಸಿ, ಗುರುಶಿಷ್ಯರ ಬಾಳಿನಲ್ಲಿ ಅದನ್ನು ಪ್ರಯೋಗಿಸಿದವರಲ್ಲಿ ಸಿಂಹಳದ ಪ್ರಾಚೀನ ರಾಜಧಾನಿಯಾದ ಅನುರಾಧಪುರದ ಭಿಕ್ಷುಗಳು ಅಗ್ರಗಣ್ಯರು.

5ನೆಯ ಶತಮಾನದ ಆದಿಭಾಗದಲ್ಲಿ ಆ ನಗರವನ್ನು ಕಂಡ ಚೀನಾದ ಯಾತ್ರಿಕ ಫಾಹಿಯಾನನು, ಅಲ್ಲಿಯ ಅಭಯಗಿರಿ ವಿಹಾರದಲ್ಲಿ 5,000 ಮಂದಿಯೂ ಮಹಾವಿಹಾರದಲ್ಲಿ 3,000 ಮಂದಿಯೂ ಭಿಕ್ಷುಗಳಿದ್ದರೆಂದು ಬರೆದಿಟ್ಟಿದ್ದಾನೆ. ಅದೇ ಶತಮಾನದಲ್ಲಿ ಭಾರತದಿಂದ ಹೋಗಿ ಮಹಾವಿಹಾರದಲ್ಲಿ ನೆಲೆಸಿದ ಬುದ್ಧಘೋಷನು ಪಾಳಿ ಭಾಷೆಯಲ್ಲಿ ‘ವಿಸುದ್ಧಿಮಗ್ಗ’ವನ್ನು ರಚಿಸಿದನು. ಅಲ್ಲಿಯ ಸ್ಥವಿರರು ಎರಡು ಗಾಥೆಗಳನ್ನು ಕೊಟ್ಟು ಅವನ ಯೋಗ್ಯತೆಯನ್ನು ಪರೀಕ್ಷಿಸಿದರೆಂದೂ, ಆ ಪರೀಕ್ಷೆಯ ಉತ್ತರವೇ ಈ ಮಹಾಗ್ರಂಥವೆಂದೂ ಐತಿಹ್ಯವುಂಟು. ನಮ್ಮ ನೆರೆಯ ಗೋವೆಯಲ್ಲಿ 1876ರಲ್ಲಿ ಹುಟ್ಟಿದ ಧರ್ಮಾನಂದ ಕೋಸಂಬಿಯವರು ಸಿಂಹಳಕ್ಕೇ ಹೋಗಿ ಪಾಳಿಯನ್ನು ಕಲಿತು, 1940ರಲ್ಲಿ ಮುಂಬಯಿಯಿಂದ ಇದನ್ನು ದೇವನಾಗರಿಯಲ್ಲಿ ಪ್ರಕಟಿಸಿದ ಮೇಲೆ, ಸಂಸ್ಕೃತಬಲ್ಲ ಕನ್ನಡ ಓದುಗನಿಗೂ ಇದರ ಬಾಗಿಲು ತೆರೆದಂತಾಯಿತು.

ಈ ಗ್ರಂಥದ ಪ್ರಕಾರ, ಧ್ಯಾನಕ್ಕೆ ವಿಷಯವನ್ನು ಬೇಡಿ ಬಂದ ತರುಣ ಭಿಕ್ಷುವಿಗೆ ಅದು ಬಂದೊಡನೆ ದೊರೆಯುತ್ತಿರಲಿಲ್ಲ. ಆಚಾರ್ಯನು ತಾನಾಗಿ ಕೇಳದಿದ್ದರೆ, ಹತ್ತು ದಿನವೋ ಒಂದು ಪಕ್ಷವೋ ಅವನ ಸೇವೆಯಲ್ಲಿದ್ದು, ಆಮೇಲೆ ಸಮಯವರಿತು ತಾನು ಬಂದ ಕಾರಣವನ್ನು ನಿವೇದಿಸಬೇಕಾಗಿತ್ತು. ಆ ಸೇವೆಯ ವಿಧಿಯಲ್ಲಿ ಒಂದು ಸಣ್ಣ ಸಂಗತಿ ನನಗೆ ಬಹು ಹೃದ್ಯವಾಗಿ ತೋರುತ್ತದೆ. ಶಿಷ್ಯನು ಆಚಾರ್ಯನ ಮುಂದೆ ಚಿಕ್ಕದು, ನಡುವಿನದು, ದೊಡ್ಡದು ಎಂದು ಮೂರು ಅಳತೆಯ ಹಲ್ಲುಕಡ್ಡಿಗಳನ್ನೂ, ತಣ್ಣೀರು ಬಿಸಿನೀರು ಎರಡನ್ನೂ ಇಡಬೇಕು. ಮೂರು ದಿನ ಆಚಾರ್ಯನು ಯಾವುದನ್ನು ಬಳಸುವನೋ ಅದನ್ನೇ ಅಲ್ಲಿಂದಾಚೆಗೆ ನಿತ್ಯವೂ ಒದಗಿಸಬೇಕು. ನಿಯಮವಿಲ್ಲದೆ ಇದನ್ನೊಂದು ದಿನ ಅದನ್ನೊಂದು ದಿನ ಎತ್ತಿಕೊಳ್ಳುವವನಾದರೆ ದೊರೆತುದನ್ನು ಇಟ್ಟರೆ ಸಾಕು. ಎಂದರೆ, ಗುರುವು ಶಿಷ್ಯನನ್ನು ಅರಿಯುವ ಮೊದಲೇ ಶಿಷ್ಯನು ಗುರುವಿನ ಸ್ವಭಾವವನ್ನು ಕೇಳದೆ, ಹೇಳಿಸಿಕೊಳ್ಳದೆ, ಕೇವಲ ನೋಡಿ ಕಲಿಯುತ್ತಿದ್ದನು.

ಗುರುವಿನ ನೋಟವೂ ಇಂಥ ಅಲ್ಪಸಂಗತಿಗಳ ಮೇಲೆಯೇ ನೆಲೆಸುತ್ತಿತ್ತು. ಮನುಷ್ಯರು ರಾಗಚರಿತರು, ದ್ವೇಷಚರಿತರು, ಮೋಹಚರಿತರು, ಶ್ರದ್ಧಾಚರಿತರು, ಬುದ್ಧಿಚರಿತರು, ವಿತರ್ಕಚರಿತರು ಎಂದು ಆರು ಬಗೆಯೆಂಬುದು ಆ ಸಂಪ್ರದಾಯದ ಮತ. ವಿಹಾರದ ಅಂಗಳಕ್ಕೆ ಮರಳು ಹರಡಿರುತ್ತಿತ್ತು. ಅದನ್ನು ಗುಡಿಸುವುದು ಕಿರಿಯರ ಕೆಲಸ. ರಾಗಚರಿತನು ಪೊರಕೆಯನ್ನು ಹದವಾಗಿ ಹಿಡಿದು, ಅವಸರವಿಲ್ಲದೆ, ಮರಳು ಚೆದರದಂತೆ, ಲಕ್ಕಿಯ ಹೂವನ್ನು ಹಾಸಿದ ಹಾಗೆ ಸಮನಾಗಿ ಗುಡಿಸುವನು. ದ್ವೇಷಚರಿತನು ಅದನ್ನು ಬಿಗಿಯಾಗಿ ಹಿಡಿದು, ಕರಕರ ಸದ್ದು ಮಾಡುತ್ತ, ಮರಳನ್ನು ಎರಡು ಕಡೆಗೂ ಎರಚುತ್ತ ಆತುರದಿಂದ ಮುಗಿಸುವನು. ಮೋಹಚರಿತನ ಹಿಡಿತವೇ ಸಡಿಲ. ಮರಳನ್ನು ಕದಡಿ ಮಗುಚಿದನಲ್ಲದೆ ಅವನು ಗುಡಿಸಿದ ನೆಲ ಶುಚಿಯೂ ಆಗದು, ಸಮವೂ ಆಗದು. ಮಲಗುವುದರಲ್ಲಿಯೂ ಹೀಗೆಯೇ. ಒಬ್ಬನು ಹಾಸಿಗೆಯನ್ನು ನಿಧಾನವಾಗಿ ಹಾಸಿ, ಅಂಗಾಂಗಗಳನ್ನು ಅಂದವಾಗಿ ಇರಿಸಿಕೊಂಡು ಮಲಗುವನು, ಎಬ್ಬಿಸಿದರೆ ಸಂದೇಹದಲ್ಲಿರುವವನಂತೆ ಮೆಲ್ಲನೆ ಉತ್ತರವೀಯುವನು. ಮತ್ತೊಬ್ಬನು ಹೇಗೋ ಹಾಸಿ ಹುಬ್ಬುಗಂಟಿಕ್ಕಿಕೊಂಡೇ ನಿದ್ರಿಸುವನು, ಎಬ್ಬಿಸಿದೊಡನೆ ಎದ್ದು ಸಿಡುಕುವನು. ಮೂರನೆಯವನು ಸೊಟ್ಟಗೆ ಹಾಸಿದ ಹಾಸಿಗೆಯಲ್ಲಿ ಬೋರಲಾಗಿ ಕೈಕಾಲು ಚೆಲ್ಲಿ ಬಿದ್ದಿರುವನು, ಎಬ್ಬಿಸಿದರೆ ಹೂಂ ಎನ್ನುತ್ತ ಬಹಳ ಹೊತ್ತಿನ ಮೇಲೆ ಏಳುವನು.

ತುತ್ತಿನ ಗಾತ್ರ, ಚೀವರವನ್ನು ಉಡುವ ರೀತಿ ಇವುಗಳ ವಿವರಕ್ಕೆ ನಾನಿಲ್ಲಿ ಹೋಗುವುದಿಲ್ಲ. ಆದರೆ ನೋಡುವ ಬಗೆಯನ್ನು ಕುರಿತು ಆ ಗ್ರಂಥವು ಹೇಳುವ ಮಾತು, ನಮ್ಮ ಮನೆಗಳಲ್ಲಿ, ನೆರೆಹೊರೆಯಲ್ಲಿ, ಸ್ನೇಹದಲ್ಲಿ ದಿನವೂ ನಡೆಯುವುದನ್ನೇ ಹೇಳುವುದರಿಂದ, ಅದನ್ನು ಬಿಡಲಾಗದು. ರಾಗಚರಿತನು ತುಸು ಮನೋಹರವಾದುದನ್ನು ಕಂಡರೂ ವಿಸ್ಮಿತನಂತೆ ನಿಂತು ನೋಡುವನು, ಅಲ್ಪಗುಣಕ್ಕೆ ಅಂಟಿಕೊಂಡು ನಿಜವಾದ ದೋಷವನ್ನು ಎಣಿಸನು, ಅಗಲುವಾಗ ಒಲ್ಲದ ಮನಸ್ಸಿನಿಂದ ಅಗಲುವನು. ದ್ವೇಷಚರಿತನು ಅಲ್ಪದೋಷಕ್ಕೆ ತಗುಲಿಕೊಂಡು ನಿಜವಾದ ಗುಣವನ್ನು ಕಾಣನು, ಹೋಗುವಾಗ ಹಿಂದಿರುಗಿ ನೋಡನು. ಮೋಹಚರಿತನಿಗೆ ಸ್ವಂತ ನೋಟವಿಲ್ಲ; ಇತರರು ನಿಂದಿಸಿದರೆ ತಾನೂ ನಿಂದಿಸುವನು, ಹೊಗಳಿದರೆ ತಾನೂ ಹೊಗಳುವನು. ಎಷ್ಟೋ ಸಂಬಂಧಗಳು ಕೂಡಿದುದಕ್ಕೂ ಮುರಿದುದಕ್ಕೂ ಎದುರಿನವರ ಗುಣದೋಷಗಳಿಗಿಂತ ನೋಡುವವರ ಈ ಪ್ರಕೃತಿಯೇ ಕಾರಣವಾಗಿರುವುದನ್ನು ನಾನು ಕಂಡಿದ್ದೇನೆ.

ಇನ್ನೂ ಗಹನವಾದುದು ಆ ಆಚಾರ್ಯರು ದೋಷಕ್ಕೂ ಗುಣಕ್ಕೂ ಕಂಡ ಬಾಂಧವ್ಯ. ರಾಗಕ್ಕೆ ಶ್ರದ್ಧೆ ಸಮೀಪದ ನಂಟು. ರಾಗವು ಅಹಿತವನ್ನು ಬಿಡದೆ ಹಿಡಿದರೆ ಶ್ರದ್ಧೆಯು ಹಿತವನ್ನು ಬಿಡದೆ ಹಿಡಿಯುತ್ತದೆ. ದ್ವೇಷಕ್ಕೆ ಬುದ್ಧಿ ನಂಟು. ಇಲ್ಲದ ದೋಷವನ್ನು ದ್ವೇಷವು ಹುಡುಕುವಂತೆ, ಇರುವ ದೋಷವನ್ನು ಬುದ್ಧಿಯು ಹುಡುಕುತ್ತದೆ. ಮೋಹಕ್ಕೆ ವಿತರ್ಕ ನಂಟು. ಒಂದು ಗೊಂದಲದಿಂದ ಅಸ್ಥಿರ, ಇನ್ನೊಂದು ಬಗೆಬಗೆಯ ಆಲೋಚನೆಯಿಂದ ಅಸ್ಥಿರ. ಆದುದರಿಂದ ಪೊರಕೆಯನ್ನು ಹದವಾಗಿ ಹಿಡಿದವನು ರಾಗಿಯೋ ಶ್ರದ್ಧಾವಂತನೋ ಎಂಬುದು ಅಂಗಳವನ್ನು ನೋಡಿದ ಮಾತ್ರಕ್ಕೆ ತೀರ್ಮಾನವಾಗದು. ಸಿಡುಕನಾದ ಹುಡುಗನಲ್ಲಿ ಮುಂದೆ ಪ್ರಜ್ಞೆಯಾಗಿ ಅರಳಬಹುದಾದುದನ್ನು ಕಂಡ ಈ ದೃಷ್ಟಿಯಲ್ಲಿ ಅಪಾರವಾದ ದಯೆಯಿದೆ.

ಪರೀಕ್ಷೆಯು ಶಿಷ್ಯರನ್ನು ಮೇಲು ಕೀಳೆಂದು ವಿಂಗಡಿಸುವುದಕ್ಕಾಗಿ ಇದ್ದುದಲ್ಲ, ಅವರವರಿಗೆ ತಕ್ಕುದನ್ನು ಕೊಡುವುದಕ್ಕಾಗಿ ಇದ್ದುದು. ಅಂದವನ್ನರಸುವ ರಾಗಚರಿತನಿಗೆ ಬಾವಲಿಗಳು ತುಂಬಿದ, ಧೂಳು ಮೆತ್ತಿದ ಜೀರ್ಣ ಕುಟೀರವೂ ನುಚ್ಚಿನ ಗಂಜಿಯೂ ಹಿತವೆಂದರು. ಸಿಡುಕುವ ದ್ವೇಷಚರಿತನಿಗೋ, ನೆರಳೂ ನೀರೂ ಸಮೃದ್ಧವಾಗಿರುವ, ಚಿತ್ರಗಳಿಂದಲೂ ಹೂಮಾಲೆಗಳಿಂದಲೂ ಸುಂದರವಾದ ವಸತಿಯನ್ನು ವಿಧಿಸಿ, ಧ್ಯಾನಕ್ಕೆ ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆಗಳನ್ನೂ ನಾಲ್ಕು ಬಣ್ಣಗಳನ್ನೂ ಕೊಟ್ಟರು. ಕೋಪಿಷ್ಠನನ್ನು ಶಿಕ್ಷಿಸಬೇಕೆಂದು ಸಾಮಾನ್ಯವಾಗಿ ಎಲ್ಲರಿಗೂ ತೋರುವೆಡೆಯಲ್ಲಿ, ಅವನ ಕಣ್ಣಿಗೆ ಸೊಗಸನ್ನು ಒದಗಿಸಬೇಕೆಂದು ಇವರಿಗೆ ತೋರಿತು.

ಹೀಗಿದ್ದರೂ ಬುದ್ಧಘೋಷನು ಈ ವಿದ್ಯೆಯನ್ನು ಅತಿಯಾಗಿ ನಂಬಿದವನಲ್ಲ. ಈ ಲಕ್ಷಣಗಳೆಲ್ಲವೂ ಮೂಲಗ್ರಂಥಗಳಲ್ಲಿಯೂ ಅಟ್ಠಕಥೆಗಳೆಂಬ ಅವುಗಳ ವ್ಯಾಖ್ಯಾನಗಳಲ್ಲಿಯೂ ಪೂರ್ಣವಾಗಿ ಬಂದವಲ್ಲ, ಆಚಾರ್ಯರ ಅಭಿಪ್ರಾಯವನ್ನನುಸರಿಸಿ ಹೇಳಿದವು, ಇವನ್ನೇ ಸಾರವೆಂದು ನಂಬಬಾರದು ಎಂದು ಆತನೇ ಎಚ್ಚರಿಸಿದ್ದಾನೆ. ಕಫವಾತಗಳ ಆಧಿಕ್ಯದಿಂದ ಸ್ವಭಾವವಾಗುವುದೆಂಬ ಕೆಲವರ ಮತವನ್ನೂ ಆತನು ಒಪ್ಪಲಿಲ್ಲ. ಧಮ್ಮಪದದ ಅಟ್ಠಕಥೆಯಲ್ಲಿ ಬರುವ ಅಕ್ಕಸಾಲಿಗನ ಮಗನ ಕಥೆಯೂ ಇಲ್ಲಿ ನೆನಪಾಗುತ್ತದೆ. ತರುಣನಲ್ಲಿ ಕಾಮವೇ ಪ್ರಬಲವಾಗಿರುವುದೆಂದು ಬಗೆದು ಬುದ್ಧನ ಅಗ್ರಶಿಷ್ಯನಾದ ಸ್ವತಃ ಸಾರಿಪುತ್ರನು ಅವನಿಗೆ ದೇಹದ ಅಶುಭವನ್ನು ಧ್ಯಾನಿಸಲು ಕೊಟ್ಟನು. ತಿಂಗಳುಗಟ್ಟಲೆ ಶ್ರಮಿಸಿದರೂ ಫಲವಾಗಲಿಲ್ಲ. ಐನೂರು ಜನ್ಮಗಳಲ್ಲಿ ಚಿನ್ನವನ್ನೇ ನೋಡಿ ಪಳಗಿದ ಕಣ್ಣದು ಎಂಬುದನ್ನು ಅರಿತ ಬುದ್ಧನು ಒಂದು ಬಂಗಾರದ ತಾವರೆಯನ್ನು ಕೊಟ್ಟು, ಅದನ್ನು ಮರಳಿನ ಗುಪ್ಪೆಯ ಮೇಲೆ ನೆಟ್ಟು ನೋಡೆಂದನು; ಚಿತ್ತವು ಏಕಾಗ್ರವಾಯಿತು, ಹೂವು ಬಾಡಿದಾಗ ಅನಿತ್ಯತೆ ಕಣ್ಣೆದುರಿಗೆ ನಿಂತಿತು.

ಪರಚಿತ್ತವನ್ನು ನೇರವಾಗಿ ಅರಿಯುವ ಇಂಥ ಶಕ್ತಿಯುಳ್ಳ ಗುರುವು ಅದರಿಂದಲೇ ಶಿಷ್ಯನ ಚರಿತವನ್ನು ತಿಳಿಯಬಲ್ಲನು. ಉಳಿದ ಗುರುಗಳು ಶಿಷ್ಯನನ್ನೇ ಹತ್ತಿರ ಕುಳ್ಳಿರಿಸಿಕೊಂಡು, ಅವನು ಎಂಥ ಸ್ವಭಾವದವನು, ಯಾವ ಭಾವಗಳು ಅವನಲ್ಲಿ ಪದೇಪದೇ ಏಳುತ್ತವೆ, ಏನನ್ನು ಚಿಂತಿಸಿದರೆ ಅವನಿಗೆ ಹಾಯೆನಿಸುತ್ತದೆ, ಅವನ ಮನಸ್ಸು ಎತ್ತ ಬಾಗುತ್ತದೆ ಎಂದು ಕೇಳಬೇಕೆಂಬುದು ಮಹಾವಿಹಾರದ ವಿಧಿಯಾಗಿತ್ತು.