ಪುಟ್ಟ ಗಾಡಿಯ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಮಾತು ನಮ್ಮಲ್ಲಿ ದೇವಾಲಯಗಳಿಗೂ ಕೆರೆಕಟ್ಟೆಗಳಿಗೂ ಸಲ್ಲತಕ್ಕದ್ದು. ಆ ಕಾರ್ಯವನ್ನು ಕೈಕೊಂಡವರಿಗೆ ಒಂದು ಸಂದೇಹವು ಎಂದಿಗೂ ತಪ್ಪಿದುದಲ್ಲ. ಮುರಿದ ಕಂಬವನ್ನು ತೆಗೆದು ಅದರಂತೆಯೇ ಮತ್ತೊಂದನ್ನು ಕಡೆಯಿಸಿ ನಿಲ್ಲಿಸಬೇಕೇ? ಮುರಿದುದಕ್ಕೇ ಕಟ್ಟುಹಾಕಿ ಉಳಿಸಬೇಕೇ? ಅಥವಾ ಈಗಿನವರ ಅನುಕೂಲಕ್ಕೆ ತಕ್ಕಂತೆ ಬೇರೊಂದನ್ನೇ ಕಟ್ಟಬೇಕೇ? ಕಲ್ಲಿನ ವಿಷಯದಲ್ಲಿ ಈ ಪ್ರಶ್ನೆಯು ಎಷ್ಟು ಕಠಿನವೋ ಕಬ್ಬಿಣದ ವಿಷಯದಲ್ಲಿಯೂ ಅಷ್ಟೇ ಕಠಿನವೆಂಬುದನ್ನು ಇಂಗ್ಲೆಂಡಿನ ಸಾಮಾನ್ಯ ಗೃಹಸ್ಥರು ತಮ್ಮ ಮನೆಗಳ ಹಿತ್ತಲಿನಲ್ಲಿ ಕಂಡುಕೊಂಡರು. ಅವರ ಮುಂದೆ ಇದ್ದುದು ಆಸ್ಟಿನ್ ಸೆವೆನ್ ಎಂಬ ಒಂದು ಪುಟ್ಟ ಮೋಟಾರು ಗಾಡಿ. ಅದನ್ನು ಬಿಚ್ಚಿ, ಕೂಡಿಸಿ, ಮಾರ್ಪಡಿಸಿ, ಮರಳಿ ಹಳೆಯ ರೂಪಕ್ಕೆ ತರಲು ಶ್ರಮಿಸಿದ ಹವ್ಯಾಸಿಗಳ ಚರಿತ್ರೆಯು ನೂರು ವರ್ಷಗಳಿಗೆ ಸಮೀಪವಾದುದು.

ಮೊದಲನೆಯ ಮಹಾಯುದ್ಧವು ಮುಗಿದ ಮೇಲೆ ಬರ್ಮಿಂಗ್ ಹ್ಯಾಮಿನ ಬಳಿ ಲಾಂಗ್ ಬ್ರಿಜ್ ಎಂಬಲ್ಲಿದ್ದ ಹರ್ಬರ್ಟ್ ಆಸ್ಟಿನ್ನನ ಕಾರ್ಖಾನೆಯು ದುಃಸ್ಥಿತಿಗೆ ಬಂದಿತು. ದೊಡ್ಡ ಗಾಡಿಗಳಿಗೆ ಗಿರಾಕಿಗಳು ಸಾಲದಾದರು. 1921ರಲ್ಲಿ ಸಂಸ್ಥೆಯು ರಿಸೀವರನ ಆಡಳಿತಕ್ಕೆ ಸೇರಿತು. ಅದೇ ವರ್ಷ ಇಂಗ್ಲೆಂಡಿನ ಸರಕಾರವು ಮೋಟಾರುಗಳ ಮೇಲೆ ಅಶ್ವಶಕ್ತಿಯೊಂದಕ್ಕೆ ವರ್ಷಕ್ಕೆ ಒಂದು ಪೌಂಡಿನಂತೆ ತೆರಿಗೆಯನ್ನು ವಿಧಿಸಿತು. ಮೋಟಾರ್ ಸೈಕಲ್ಲಿಗೆ ಪಕ್ಕದ ತೊಟ್ಟಿಲನ್ನು ಕಟ್ಟಿಕೊಂಡು ಮಳೆಯಲ್ಲಿ ನೆನೆಯುತ್ತ ಸಂಚರಿಸುವ ಬಡ ಸಂಸಾರಿಗೆ ನಾಲ್ಕು ಚಕ್ರದ ನಿಜವಾದ ಗಾಡಿಯೊಂದನ್ನು ಕೊಡಬೇಕೆಂದು ಆಸ್ಟಿನ್ನನು ಯೋಚಿಸಿದನು. ನಿರ್ದೇಶಕ ಮಂಡಲಿಯವರು ಇದಕ್ಕೆ ಒಪ್ಪಲಿಲ್ಲ. ಅವನಾದರೋ ಸ್ಟ್ಯಾನ್ಲಿ ಎಜ್ ಎಂಬ ಹದಿನೆಂಟು ವರ್ಷದ ನಕ್ಷೆಗಾರನನ್ನು ಕಾರ್ಖಾನೆಯಿಂದ ತನ್ನ ಮನೆಗೆ ಕರೆತಂದು, ಬಿಲಿಯರ್ಡ್ಸ್ ಆಟದ ಕೊಠಡಿಯಲ್ಲಿ ಕುಳ್ಳಿರಿಸಿ, ಸ್ವಂತ ಹಣದಿಂದ ಗಾಡಿಯ ನಕ್ಷೆಗಳನ್ನು ಬರೆಯಿಸಿದನು. ಮುಂದೆ ಸಹಸ್ರಾರು ಮನೆಗಳಲ್ಲಿ ಬಿಚ್ಚಿ ಜೋಡಿಸಲ್ಪಡಲಿದ್ದ ಈ ಗಾಡಿಯು ಹುಟ್ಟಿದುದೂ ಮನೆಯಲ್ಲಿಯೇ ಎಂಬುದು ಸ್ವಾರಸ್ಯವಾದ ಸಂಗತಿ.

1922ರಲ್ಲಿ ಗಾಡಿಯು ಪ್ರಕಟವಾಯಿತು. ಸೆವೆನ್ ಎಂಬ ಹೆಸರು ತೆರಿಗೆಯ ಲೆಕ್ಕದ ಏಳು ಅಶ್ವಶಕ್ತಿಯಿಂದ ಬಂದುದು. ಅದರ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಣ ಅಂತರ 6 ಅಡಿ 3 ಅಂಗುಲ. ಎಡಬಲ ಚಕ್ರಗಳ ಅಂತರ 3 ಅಡಿ 4 ಅಂಗುಲ. ನಾಲ್ಕು ಸಿಲಿಂಡರುಗಳ ಎಂಜಿನಿನ ಗಾತ್ರವು ಬೇಗನೆ 747 ಘನ ಸೆಂಟಿಮೀಟರುಗಳಿಗೆ ನಿಂತಿತು. ಆರಂಭದಲ್ಲಿ ಇದನ್ನು ಆಟದ ಸಾಮಾನೆಂದು ನಕ್ಕವರೇ ಬಹುಮಂದಿ. ಆದರೆ 1939ರಲ್ಲಿ ತಯಾರಿಕೆಯು ನಿಲ್ಲುವ ವೇಳೆಗೆ ಸುಮಾರು 2,90,000 ಗಾಡಿಗಳು ಹೊರಬಂದಿದ್ದವು. ಜರ್ಮನಿಯ ಐಸೆನಾಕ್ ನಗರದಲ್ಲಿ ಡಿಕ್ಸಿ ಎಂಬ ಹೆಸರಿನಿಂದ ಅನುಮತಿ ಪಡೆದು ಇದನ್ನೇ ತಯಾರಿಸುತ್ತಿದ್ದ ಕಾರ್ಖಾನೆಯನ್ನು 1928ರಲ್ಲಿ ಕೊಂಡುಕೊಂಡುದರಿಂದಲೇ ಬಿ.ಎಂ.ಡಬ್ಲ್ಯು. ಸಂಸ್ಥೆಯು ಮೋಟಾರು ಗಾಡಿಗಳ ವ್ಯಾಪಾರಕ್ಕೆ ಇಳಿಯಿತು.

ಈ ಗಾಡಿಯು ಹವ್ಯಾಸಿಗಳ ಕೈಗೆ ಒಗ್ಗಿದುದಕ್ಕೆ ಕಾರಣಗಳಿವೆ. ಅದರ ಚೌಕಟ್ಟು ಇಂಗ್ಲಿಷಿನ ಮೊದಲನೆಯ ಅಕ್ಷರದಂತೆ ಮುಂದೆ ಕಿರಿದಾಗಿ ಹಿಂದೆ ಅಗಲವಾದುದು. ಮೇಲಿನ ಒಡಲನ್ನು ಬಿಚ್ಚಿ ಕೆಳಗಿಟ್ಟರೆ ಚಕ್ರ, ಎಂಜಿನು, ಚಾಲಕ ಚಕ್ರಗಳೊಡನೆ ಗಾಡಿಯು ತಾನೇ ಓಡಬಲ್ಲುದು. ನೀರನ್ನು ತಳ್ಳುವ ಪಂಪಿಲ್ಲ. ಕಾದ ನೀರು ಮೇಲೇರಿ ತಣಿದ ನೀರು ಕೆಳಗಿಳಿಯುವ ಪ್ರಕೃತಿನಿಯಮವೇ ಎಂಜಿನನ್ನು ತಂಪಾಗಿಡುವುದು. ಎಂಜಿನು ಹಗುರವಾದುದರಿಂದ ಇಬ್ಬರು ಸೇರಿ ಅದನ್ನು ಎತ್ತಿ ಅಡುಗೆಮನೆಯ ಮೇಜಿನ ಮೇಲಿಡಬಹುದಾಗಿತ್ತು.

ದೋಷಗಳಿಗೂ ಕೊರತೆಯಿರಲಿಲ್ಲ. ಕ್ರ್ಯಾಂಕ್ ಷಾಫ್ಟಿಗೆ 1936ರವರೆಗೆ ಎರಡೇ ಬೇರಿಂಗುಗಳು. ವೇಗವು ಹೆಚ್ಚಿದರೆ ನಡುವೆ ಅದು ಬಿಲ್ಲಿನಂತೆ ಬಾಗುವುದು. ಸಣ್ಣ ರಂಧ್ರಗಳಿಂದ ಚಿಮ್ಮಿದ ಎಣ್ಣೆಯು ತಿರುಗುವ ಷಾಫ್ಟಿನ ಕುಳಿಗಳನ್ನು ಸೇರಿದರೆ ಬೇರಿಂಗುಗಳಿಗೆ ಜೀವ. ರಂಧ್ರವು ಕಟ್ಟಿಕೊಂಡಿತೋ, ಅವು ಕರಗಿದವೆಂದೇ ತಿಳಿಯಬೇಕು. 1930ರ ತನಕ ಕಾಲಿನ ಬ್ರೇಕು ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುತ್ತಿತ್ತು. ಮುಂದಿನವಕ್ಕೆ ಕೈಯ ಬ್ರೇಕೇ ಗತಿ. ಸುಲಭವಾಗಿ ಬಿಚ್ಚಲು ಬರುವ ಯಂತ್ರದಲ್ಲಿ ತಿದ್ದತಕ್ಕ ದೋಷಗಳೂ ಇದ್ದರೆ, ಕೈಯಲ್ಲಿ ಕಸುಬುಳ್ಳವನು ಸುಮ್ಮನಿರುವುದುಂಟೇ? ಅಗ್ಗದ ಬೆಲೆಗೆ ಹಳೆಯ ಗಾಡಿಯನ್ನು ಕೊಂಡು, ಒಡಲನ್ನು ಕಿತ್ತು, ತನಗೆ ತೋರಿದ ಹಗುರವಾದ ಒಡಲನ್ನು ಕೂಡಿಸಿ, ಎಂಜಿನನ್ನು ಚುರುಕುಗೊಳಿಸುವ ಪದ್ಧತಿಯು ಬೆಳೆಯಿತು. ಹೀಗಾದ ಗಾಡಿಗೆ ‘ಸ್ಪೆಷಲ್’ ಎಂದು ಹೆಸರಾಯಿತು.

ಈ ಪಂಥದವರಲ್ಲಿ ಅಲೆಕ್ ಇಸಿಗೋನಿಸ್ ಎಂಬಾತನು ಪ್ರಸಿದ್ಧನು. ಹಗಲು ಕಾರ್ಖಾನೆಯಲ್ಲಿ ದುಡಿದು, ಬಿಡುವಿನಲ್ಲಿ ಜಾರ್ಜ್ ಡೌಸನ್ ಎಂಬ ಮಿತ್ರನೊಡನೆ, ಬಹುಮಟ್ಟಿಗೆ ಕೈಯ ಹತಾರುಗಳಿಂದಲೇ ಅವನು ಒಂದು ಓಟದ ಗಾಡಿಯನ್ನು ನಿರ್ಮಿಸಿದನು. ಅದು ಸಿದ್ಧವಾದುದು ವರ್ಷಗಳ ಪರಿಶ್ರಮದ ಅನಂತರ, 1938ರಲ್ಲಿ. ಅದರ ಪಕ್ಕಗಳು ಪ್ಲೈವುಡ್ಡಿಗೆ ಅಲ್ಯೂಮಿನಿಯಮ್ ತಗಡನ್ನು ಅಂಟಿಸಿ ಮಾಡಿದವು. ಭಾರವನ್ನು ಹೊರುವುದೂ ಆ ಪಕ್ಕಗಳೇ. ಚಕ್ರಗಳ ಕುಲುಕಾಟವನ್ನು ತಡೆಯಲು ರಬ್ಬರನ್ನು ಬಳಸಿದ್ದನು. ಅವನೇ ಮುಂದೆ 1948ರ ಮಾರಿಸ್ ಮೈನರ್ ಮತ್ತು 1959ರ ಮಿನಿ ಗಾಡಿಗಳನ್ನು ರಚಿಸಿದವನು. ಮಾರಿಸ್ ಮೈನರು ನಮ್ಮ ದೇಶದಲ್ಲಿ ‘ಬೇಬಿ ಹಿಂದೂಸ್ಥಾನ್’ ಎಂಬ ಹೆಸರಿನಿಂದ ಓಡಾಡಿದುದು ಹಿರಿಯ ವಾಚಕರ ನೆನಪಿನಲ್ಲಿರಬಹುದು. ಮಿನಿಯಲ್ಲಿ ರಬ್ಬರು ಮತ್ತೆ ಅದೇ ಕೆಲಸಕ್ಕೆ ಬಂದಿತು.

1939ರಲ್ಲಿ ಇಂತಹ ಹವ್ಯಾಸಿಗಳು ಕೂಡಿ, ಎಂಜಿನಿನ ಗಾತ್ರವನ್ನೇ ಹೆಸರಾಗಿಟ್ಟು 750 ಕ್ಲಬ್ಬೆಂಬ ಸಂಘವನ್ನು ಸ್ಥಾಪಿಸಿದರು. ಎರಡನೆಯ ಯುದ್ಧವು ಮುಗಿದಾಗ ಹೊಸ ಗಾಡಿಗಳು ದುರ್ಲಭ, ಪೆಟ್ರೋಲಿಗೆ ಪಡಿತರ. ಲಂಡನ್ನಿನಲ್ಲಿ ಕಾಲಿನ್ ಚಾಪ್ಮನ್ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿಯು ಹಳೆಯ ಗಾಡಿಗಳ ಸಣ್ಣ ವ್ಯಾಪಾರವನ್ನು ನಡೆಸುತ್ತಿದ್ದನು. 1947ರಲ್ಲಿ ಖಾಸಗಿ ಗಾಡಿಗಳ ಮೂಲ ಪಡಿತರವೂ ನಿಂತುಹೋದುದರಿಂದ ವ್ಯಾಪಾರವು ಮುಳುಗಿ, ಮಾರಾಟವಾಗದ ಒಂದು ಆಸ್ಟಿನ್ ಸೆವೆನ್ ಅವನ ಪಾಲಿಗೆ ಉಳಿಯಿತು. ಮುಂದೆ ಅವನ ಹೆಂಡತಿಯಾದ ಹೇಜಲ್ಲಳ ತಂದೆತಾಯಿಗಳ ಮನೆಯ ಹಿಂದಿನ ಷೆಡ್ಡಿನಲ್ಲಿ ಅವನು ಆ ಗಾಡಿಯ ಒಡಲನ್ನು ತೆಗೆದು, ಚೌಕಟ್ಟನ್ನು ಬಲಪಡಿಸಿ, ಪ್ಲೈವುಡ್ಡು ಅಲ್ಯೂಮಿನಿಯಮ್ಮುಗಳ ಹೊಸ ಒಡಲನ್ನು ಕಟ್ಟಿದನು. 1948ರಲ್ಲಿ ಸಿದ್ಧವಾದ ಅದೇ ಮೊದಲನೆಯ ಲೋಟಸ್ ಗಾಡಿ. 1951ರಲ್ಲಿ ಅವನು ಎರಡೆರಡು ಸಿಲಿಂಡರುಗಳಿಗೆ ಒಂದೊಂದೇ ಇದ್ದ ಇಂಧನದ ದಾರಿಯನ್ನು ಸೀಳಿ ನಾಲ್ಕು ದಾರಿಗಳನ್ನಾಗಿ ಮಾಡಿ, ಪಂದ್ಯಗಳಲ್ಲಿ ಇತರರನ್ನು ಬಹುದೂರ ಹಿಂದೆ ಹಾಕಿದನು; ಸಂಘದವರು ಅನಂತರ ಆ ಯುಕ್ತಿಯನ್ನೇ ನಿಷೇಧಿಸಬೇಕಾಯಿತು. ಇಷ್ಟು ಪ್ರಸಿದ್ಧಿಗೆ ಬೀಜವಾದ ಆ ಮೊದಲನೆಯ ಗಾಡಿಯನ್ನು ಚಾಪ್ಮನ್ನನು 1950ರಲ್ಲಿ ಮಾರಿಬಿಟ್ಟನು. ಅನ್ವೇಷಕರು ಎಷ್ಟು ಹುಡುಕಿದರೂ ಅದು ಸಿಕ್ಕಿಲ್ಲ.

ಇದಕ್ಕೆ ವಿರುದ್ಧವಾದ ಭಾಗ್ಯವು ನ್ಯೂಜಿಲೆಂಡಿನ ಒಂದು ಗಾಡಿಗೆ ಲಭಿಸಿತು. ಆಕ್ಲೆಂಡ್ ನಗರದಲ್ಲಿ ಮೋಟಾರು ದುರಸ್ತಿಯ ಅಂಗಡಿಯನ್ನಿಟ್ಟಿದ್ದ ಲೆಸ್ ಮೆಕ್ಲಾರೆನ್ನನು ಆಸ್ಟಿನ್ ಸೆವೆನ್ನಿನ ‘ಅಲ್ಸ್ಟರ್’ ಎಂಬ ಓಟದ ಮಾದರಿಯೊಂದನ್ನು ಬಿಡಿಭಾಗಗಳ ರಾಶಿಯಾಗಿಯೇ ಕೊಂಡುತಂದನು. ಅವನ ಮಗ ಬ್ರೂಸನು ಸೊಂಟದ ಮೂಳೆಯ ರೋಗದಿಂದ ಬಾಲ್ಯದಲ್ಲಿ ಸುಮಾರು ಎರಡು ವರ್ಷ ಹಾಸಿಗೆ ಹಿಡಿದಿದ್ದವನು. ಒಂದು ಕಾಲು ಕಡೆಯವರೆಗೂ ಗಿಡ್ಡಾಗಿಯೇ ಉಳಿಯಿತು. ತಂದೆಮಕ್ಕಳು ಆ ರಾಶಿಯನ್ನು ಗಾಡಿಯಾಗಿ ನಿಲ್ಲಿಸಿದರು. 1952ರಲ್ಲಿ ಆ ಹುಡುಗನು ಮುರಿವಾಯ್ ಎಂಬಲ್ಲಿಯ ಗುಡ್ಡದ ಓಟದಲ್ಲಿ ಅದನ್ನು ನಡೆಸಿದನು. ಅವನು 1963ರಲ್ಲಿ ತನ್ನ ಹೆಸರಿನ ಪಂದ್ಯಸಂಸ್ಥೆಯನ್ನು ಸ್ಥಾಪಿಸಿ, 1970ರಲ್ಲಿ ಗುಡ್ ವುಡ್ಡಿನಲ್ಲಿ ಹೊಸ ಗಾಡಿಯೊಂದನ್ನು ಪರೀಕ್ಷಿಸುತ್ತಿರುವಾಗ ಮೃತನಾದನು. ಆ ಪುಟ್ಟ ಅಲ್ಸ್ಟರನ್ನು ಆ ಸಂಸ್ಥೆಯವರು ಇಂಗ್ಲೆಂಡಿನ ವೋಕಿಂಗ್ ಊರಿನಲ್ಲಿ ಇಂದಿಗೂ ಕಾಪಾಡಿದ್ದಾರೆ.

ಇಷ್ಟು ಯಶಸ್ಸಿನ ಕಥೆ. ಇನ್ನು ನಷ್ಟದ ಲೆಕ್ಕವನ್ನೂ ನೋಡಬೇಕು. ಸ್ಪೆಷಲುಗಳ ಉತ್ಸಾಹವು ಏರಿದ 1950ರ ದಶಕದಲ್ಲಿ ಗಾಜಿನ ನಾರಿನಿಂದ ಎರಕಗೊಂಡ ಸಿದ್ಧ ಒಡಲುಗಳು ಮಾರಾಟಕ್ಕೆ ಬಂದವು. ಅವನ್ನು ಕೂಡಿಸುವ ಆತುರದಲ್ಲಿ ಗಟ್ಟಿಯಾಗಿದ್ದ ಮೂಲ ಒಡಲುಗಳೂ ಗುಜರಿಯನ್ನು ಸೇರಿದವು. 1960ರಲ್ಲಿ ಹತ್ತು ವರ್ಷ ದಾಟಿದ ಗಾಡಿಗಳಿಗೆಲ್ಲ ಅರ್ಹತಾ ಪರೀಕ್ಷೆಯನ್ನು ಕಡ್ಡಾಯ ಮಾಡಿದಾಗ ಬ್ರೇಕು ಸಾಲದ ಮುದಿ ಗಾಡಿಗಳು ರಾಶಿರಾಶಿಯಾಗಿ ನಾಶವಾದವು. ಅಳಿದುಳಿದವು ವಿರಳವಾದೊಡನೆ ಜನರ ಮನಸ್ಸು ತಿರುಗಿತು. ಹಳೆಯ ಒಡಲುಗಳನ್ನು ಹುಡುಕುವವರೂ, ಮರದ ಚೌಕಟ್ಟನ್ನು ಹಿಂದಿನ ಅಳತೆಗೆ ಕೊರೆದು ತಗಡನ್ನು ಬಡಿದು ಕೂಡಿಸುವವರೂ ಹೆಚ್ಚಿದರು. ಈ ಸಲ ಕಿತ್ತೆಸೆಯಲ್ಪಟ್ಟವು ಗಾಜಿನ ನಾರಿನ ಒಡಲುಗಳು! ಆದರೆ ಅವೂ ಎಪ್ಪತ್ತು ವರ್ಷಗಳ ವಸ್ತುಗಳಾಗಿವೆಯಷ್ಟೆ. ಈಗ ಅವನ್ನು ಉಳಿಸಬೇಕೆಂಬ ಮೂರನೆಯ ಪಕ್ಷವೊಂದು ಹುಟ್ಟಿದೆ.

ಇಲ್ಲಿ ಪೂರ್ವಪಕ್ಷವೇನೆಂದರೆ: ಕಾರ್ಖಾನೆಯಿಂದ ಹೊರಟ ದಿನದ ರೂಪವೇ ಗಾಡಿಯ ನಿಜರೂಪ, ಮಿಕ್ಕುದೆಲ್ಲ ವಿಕಾರ. ಇದಕ್ಕೆ ಪ್ರತಿಪಕ್ಷ: ಗಾಡಿಯು ಯಾರ ಸ್ವತ್ತೋ ಅವರ ಇಷ್ಟವೇ ಪ್ರಮಾಣ, ಓಡದೆ ನಿಂತ ಗಾಡಿಗಿಂತ ಮಾರ್ಪಟ್ಟು ಓಡುವ ಗಾಡಿಯೇ ಲೇಸು. ಎರಡಕ್ಕೂ ಪರೀಕ್ಷೆಯಾಗಿ ಕಳೆದುಹೋದ ಆ ಮೊದಲನೆಯ ಲೋಟಸನ್ನೇ ತೆಗೆದುಕೊಳ್ಳಬಹುದು. ಅದು ನಾಳೆ ಯಾವುದಾದರೊಂದು ಕೊಟ್ಟಿಗೆಯಲ್ಲಿ ದೊರೆತಿತೆನ್ನಿ. ಚಾಪ್ಮನ್ನನು ಕಟ್ಟಿದ ಪ್ಲೈವುಡ್ಡಿನ ಒಡಲನ್ನು ಕಿತ್ತು, ಆಸ್ಟಿನ್ ಕಾರ್ಖಾನೆಯ ಒಡಲನ್ನು ಕೂಡಿಸೆಂದು ಯಾವ ಬುದ್ಧಿವಂತನೂ ಹೇಳಲಾರನು. ಅಲ್ಲಿಗೆ ಪೂರ್ವಪಕ್ಷವು ಬಿದ್ದಿತು. ಅದನ್ನು ಕೊಂಡವನು ತನ್ನ ಸ್ವತ್ತೆಂದು ಹೊಸ ಎಂಜಿನನ್ನಿಟ್ಟು ಬಣ್ಣ ಬಳಿದರೆ ಸಹಿಸುವವರೂ ಇಲ್ಲ. ಪ್ರತಿಪಕ್ಷವೂ ನಿಲ್ಲಲಿಲ್ಲ.

ಹಾಗಾದರೆ ಸಿದ್ಧಾಂತವೇನು? ಮಾರ್ಪಾಟೂ ಚರಿತ್ರೆಯ ಭಾಗವೇ; ಆದರೆ ಯಾವ ಮಾರ್ಪಾಟು ಮುಂದೆ ಬೆಲೆಬಾಳುವುದೆಂಬುದು ಮಾಡುವ ದಿನ ಮಾಡುವವನಿಗೂ ತಿಳಿಯದು. ಚಾಪ್ಮನ್ನನ ಕಾಲದಲ್ಲಿ ಅಂತಹ ಗಾಡಿಗಳು ಬೀದಿಬೀದಿಗೂ ಇದ್ದವು. ಒಂದನ್ನು ಒಡೆದರೆ ಲೋಕಕ್ಕೆ ನಷ್ಟವಿರಲಿಲ್ಲ. ಈಗ ಉಳಿದಿರುವುದರಲ್ಲಿ ಒಂದನ್ನು ಕತ್ತರಿಸುವವನ ಹೊಣೆಯು ಬೇರೆ. ಹಳೆಯ ಗಾಡಿಗಳ ಅಂತರರಾಷ್ಟ್ರೀಯ ಒಕ್ಕೂಟವು 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದಿನ ಆಶಯವೂ ಇದಕ್ಕೆ ಸಮೀಪವಾದುದು: ಮೂಲವಸ್ತುವನ್ನು ಆದಷ್ಟೂ ಉಳಿಸುವುದು, ಗಾಡಿಯ ಬದುಕಿನಲ್ಲಿ ಆದ ಬದಲಾವಣೆಗಳನ್ನೂ ಗೌರವಿಸುವುದು, ಮಾಡಿದ ಕೆಲಸವನ್ನು ಬರೆದಿಡುವುದು.

ಷೆಡ್ಡಿನಲ್ಲಿ ದುಡಿಯುವ ಹವ್ಯಾಸಿಗೆ ಇದು ಆಗದ ಕೆಲಸವೇನೂ ಅಲ್ಲ. ಬಿಚ್ಚುವ ಮುನ್ನ ಚಿತ್ರವನ್ನು ತೆಗೆದಿಟ್ಟುಕೊಂಡು, ಹೊಸದಾಗಿ ಹಾಕಿದ ಭಾಗಕ್ಕೆ ಗುರುತನ್ನು ಮಾಡಿ, ತೆಗೆದ ತುಣುಕುಗಳನ್ನು ಒಂದು ಪೆಟ್ಟಿಗೆಯಲ್ಲಿ ಹೆಸರು ಬರೆದು ಇಟ್ಟರೆ ಸಾಕು. ಅವನ ಕೆಲಸವು ಸರಿಯಾಗಿದ್ದರೆ ಮುಂದಿನವನು ಅದನ್ನು ಉಳಿಸುವನು. ತಪ್ಪಿದ್ದರೆ ಪೆಟ್ಟಿಗೆಯನ್ನು ತೆರೆಯುವನು.